ನರಸೀಪುರದ ಲೆಗ್ ಹಾರ್ಮೋನಿಯಂ

ಸಿಸ್ಟರಮ್ಮ ನಂಜನಗೂಡಿನ ನನ್ನ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಯಾವುದೋ ಭಜನೆ ಮನೆಯ ಹಾರ್ಮೋನಿಯಂನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಅವರು ಟಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು. ಅಲ್ಲಿರುವ ನಮ್ಮ ಪುಟ್ಟ ಚರ್ಚಿಗೆ ಪ್ರತ್ಯೇಕ ಸಭಾಪಾಲಕರಿಲ್ಲ, ನಂಜನಗೂಡಿನ ಅಯ್ಯನವರೇ ತಿಂಗಳಿಗೆರಡು ಸಲ ಹೋಗಿ ಆರಾಧನೆ ನಡೆಸಿಕೊಟ್ಟು ಬರಬೇಕು. ಉಳಿದ ಭಾನುವಾರಗಳಲ್ಲಿ ಬೀಗ ತೆಗೆಯುವುದು, ಕಸ ಗುಡಿಸುವುದು, ಬೈಬಲ್ ಓದುವುದು, ಹದಿನೈದು ಮನೆಯವರನ್ನು ಗದರಿಸಿ ಕರೆತರುವುದು ಎಲ್ಲವೂ ಸಿಸ್ಟರಮ್ಮನ ಪಾಲಿನದು. ಇಂಜೆಕ್ಷನ್ ಚುಚ್ಚುವಾಗ ಹೇಗೋ ಮಾತಿನಲ್ಲೂ ಹಾಗೆ, ಪೀಠಿಕೆ ಹಾಕುವವರಲ್ಲ.

"ನಮ್ಮ ಚರ್ಚಲ್ಲಿ ಒಂದು ಲೆಗ್ ಹಾರ್ಮೋನಿಯಂ ಬಿದ್ದದೆ ಕಣಪ್ಪ, ಅದನ್ನ ರೆಡಿ ಮಾಡ್ಕೊಡು. ಈಸ್ಟರ್‌ಗೆ ಇನ್ನ ಹದಿನೆಂಟು ದಿನ ಅದೆ," ಅಂದರು.

ನಾನು ಚರ್ಚು ಬಿಟ್ಟು ಎಂಟು ತಿಂಗಳಾಯಿತು ಎಂದೆ.

"ನಾನು ಚರ್ಚಿನ ಮಾತು ಎತ್ತಲಿಲ್ಲವಲ್ಲ. ಪೆಟ್ಟಿಗೆ ಮಾತು ಹೇಳ್ದೆ."

ಎಂಟು ತಿಂಗಳ ಹಿಂದೆ ಏನಾಯಿತೆಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರು ನಮ್ಮ ಎರಡು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ನಂಜನಗೂಡಿನ ಚರ್ಚಿನಲ್ಲಿ ನಾನು ಹದಿನೇಳು ವರ್ಷ ಲೆಗ್ ಹಾರ್ಮೋನಿಯಂ ನುಡಿಸಿದವನು. ಕಾಲಿನಲ್ಲಿ ಪೆಡಲು ತುಳಿಯುತ್ತಾ, ಎರಡು ಕೈಯಲ್ಲೂ ಕಪ್ಪು ಬಿಳಿ ಮನೆಗಳನ್ನು ಒತ್ತುತ್ತಾ, ಮುಂದೆ ತೂಗುಹಾಕಿದ ಪುಟ್ಟ ಕನ್ನಡಿಯಲ್ಲಿ ಬೆನ್ನ ಹಿಂದಿನ ಸಭೆಯನ್ನು ನೋಡುತ್ತಾ ನುಡಿಸಬೇಕು. ಆ ಸ್ಟೂಲು ಬಿಟ್ಟು ಬೇರೆ ಪದವಿ ನನಗೆ ಬೇಕಿರಲಿಲ್ಲ. ಆ ವರ್ಷ ಕಮಿಟಿ ಚುನಾವಣೆಯಲ್ಲಿ ಓಟಿನ ಪಟ್ಟಿಗೆ ಯಾರ ಹೆಸರು ಸೇರಬೇಕು, ಯಾರದು ಬೇಡ ಎಂಬಲ್ಲಿಂದ ಜಗಳ ಹುಟ್ಟಿತು. ಅಯ್ಯನವರು ಹೊಸಬರು, ಎಲ್ಲವೂ ತಮ್ಮ ಕೈಗೆ ಬರಬೇಕು ಎನ್ನುವವರು. ಕಮಿಟಿಯ ಕಾರ್ಯದರ್ಶಿ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಎಲ್ಲವೂ ತಮ್ಮ ಕೈಯಲ್ಲೇ ಇದೆ ಎನ್ನುವವರು. ಕೊನೆಗೆ ಕಾರ್ಯದರ್ಶಿಯ ಕಡೆಯವರು ಬೇರೆ ಮನೆಯೊಂದರಲ್ಲಿ ಪ್ರಾರ್ಥನಾಕೂಟ ಶುರುಮಾಡಿದರು. ಅವರ ಕೈ ಹಾರ್ಮೋನಿಯಂನ ತಿದಿಯಲ್ಲಿ ಗಾಳಿ ಸೋರುತ್ತಿತ್ತು, ನನ್ನ ಅಂಗಡಿಗೆ ತಂದರು, ರಿಪೇರಿ ಮಾಡಿಕೊಟ್ಟೆ. ನಾನಿರುವುದೇ ಅದಕ್ಕೆ.

ಮುಂದಿನ ಭಾನುವಾರ ಎರಡನೇ ಹಾಡಿಗೆ ಶ್ರುತಿ ಕೊಟ್ಟು ಕಾಯುತ್ತಿದ್ದಾಗ ಅಯ್ಯನವರು ಪೀಠದಿಂದಲೇ, ಹಾರ್ಮೋನಿಯಂ ನುಡಿಸುವ ಸಹೋದರರು ಇವತ್ತಿನಿಂದ ಸಭೆಯಲ್ಲಿ ಕೂತು ಹಾಡಲಿ, ಎರಡು ಕಡೆ ಕೆಲಸ ಮಾಡುವವರಿಗೆ ಆ ಸ್ಟೂಲು ಬೇಡ ಎಂದರು. ನಾನು ಎದ್ದೆ. ಸ್ಟೂಲಿನಿಂದ ಬಾಗಿಲವರೆಗೆ ಬೆಂಚುಗಳ ನಡುವೆ ನಡೆದು ಹೊರಗೆ ಬಂದೆ. ಆ ವಾರವೇ ಕಾರ್ಯದರ್ಶಿಯ ಕಡೆಯವರು ಟೀ ಅಂಗಡಿಯಲ್ಲಿ ಅಯ್ಯನವರ ಬಾಲ ಕತ್ತರಿಸಿಹೋಯಿತು ಎಂದು ನಕ್ಕರಂತೆ, ಬಾಲ ಎಂದರೆ ನಾನು. ಇತ್ತ ಇವರಿಗೂ ಬೇಡ, ಅತ್ತ ಅವರಿಗೂ ಬೇಡ. ಆಮೇಲೆ ಚರ್ಚಿನ ಬಾಗಿಲಿಗೆ ಎರಡು ಕಡೆಯವರೂ ಒಂದೊಂದು ಬೀಗ ಜಡಿದರು. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಪ್ರಾರ್ಥನೆಗೆ ಅಂತ ಕಣ್ಣು ಮುಚ್ಚಿದರೆ ಆ ಸ್ಟೂಲು, ಆ ಬಾಗಿಲು, ನನ್ನ ಬೆನ್ನು, ಇಷ್ಟೇ ಕಾಣುತ್ತಿತ್ತು. ಅಯ್ಯನವರು ಒಂಟಿಯಾಗಿ ಸಿಕ್ಕರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ತಿದ್ದಿ ತಿದ್ದಿ ಒಂದು ಭಾಷಣವನ್ನೇ ಸಿದ್ಧಮಾಡಿಟ್ಟಿದ್ದೆ.

ಸುಮ್ಮನೆ ನೋಡಿಬರುತ್ತೇನೆ ಎಂದು ಮಾರನೆಯ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ನರಸೀಪುರದ ಚರ್ಚು ಹೆಂಚಿನ ಮನೆ, ಮುಂದೆ ಒಂದು ಹುಣಸೆಮರ. ಮೂಲೆಯಲ್ಲಿ ಟಾರ್ಪಾಲು ಹೊದ್ದಿದ್ದ ಪೆಟ್ಟಿಗೆಯ ಮೇಲೆ ಹಳೆಯ ಸಂಗೀತ ಪುಸ್ತಕಗಳು, ಕ್ರಿಸ್‌ಮಸ್ಸಿನ ನಕ್ಷತ್ರ, ಒಂದು ಮುರಿದ ಛತ್ರಿ. ಎಲ್ಲ ತೆಗೆದು ಮುಚ್ಚಳ ಎತ್ತಿದವನು ಹಾಗೇ ನಿಂತುಬಿಟ್ಟೆ. ಇದು ನಮ್ಮ ನಂಜನಗೂಡಿನ ಪೆಟ್ಟಿಗೆಯ ಜೋಡಿ. ಮಿಷನ್ ಕಾಲದಲ್ಲಿ ಎರಡೂ ಒಟ್ಟಿಗೆ ಕಲ್ಕತ್ತೆಯಿಂದ ಬಂದವಂತೆ ಎಂದು ಕೇಳಿದ್ದೆ, ಈಗ ಕಣ್ಣಾರೆ ಕಂಡೆ. ಅದೇ ತೇಗ, ಅದೇ ಕೆತ್ತನೆ, ಒಳಗೆ ಒತ್ತಿದ್ದ ನಂಬರು ನಮ್ಮದರ ಮುಂದಿನದು. ನಲವತ್ತೆರಡು ಮನೆ, ಎರಡು ಸಾಲು ರೀಡು. ಸ್ಕ್ರೂಡ್ರೈವರ್ ಯಾವಾಗ ಕೈಗೆ ಬಂತೋ ನನಗೇ ತಿಳಿಯದು.

ಬಿಚ್ಚಿ ನೋಡಿದರೆ ತಿದಿಯ ಬಟ್ಟೆಯನ್ನು ಇಲಿಗಳು ತಿಂದು ತೇಗಿದ್ದವು. ಮನೆಗಳ ಕೆಳಗಿನ ಉಣ್ಣೆಪಟ್ಟಿ ನುಸಿ ಹಿಡಿದು ಪುಡಿಯಾಗಿತ್ತು. ಸ್ಪ್ರಿಂಗುಗಳು ತುಕ್ಕು, ರೀಡುಗಳ ಮೇಲೆ ಹಸಿರು ಕಿಲುಬು. ಪೆಡಲು ತುಳಿದಾಗ ತಿದಿಯನ್ನು ಎಳೆಯುವ ಎರಡು ಪಟ್ಟಿಗಳಲ್ಲಿ ಬಲಗಡೆಯದು ಹರಿದುಹೋಗಿತ್ತು. ಎಡಗಡೆಯ ಚರ್ಮದ ಪಟ್ಟಿ ಗಟ್ಟಿಯಾಗಿಯೇ ಇತ್ತು, ಎಳೆದು ನೋಡಿ ಶಹಭಾಸ್ ಎಂದು ಹಾಗೇ ಬಿಟ್ಟೆ. ಇವೆಲ್ಲ ಆಗುವ ಕೆಲಸ. ಆಗದ ಕೆಲಸ ಕಂಡದ್ದು ರೀಡು ಎಣಿಸಿದಾಗ. ಹನ್ನೊಂದು ಇರಲೇ ಇಲ್ಲ, ಯಾವ ಪುಣ್ಯಾತ್ಮನೋ ಎಂದೋ ಬಿಚ್ಚಿಕೊಂಡು ಹೋಗಿದ್ದ. ರೀಡು ಎಂದರೆ ಹಿತ್ತಾಳೆಯ ಚೌಕಟ್ಟಿನಲ್ಲಿ ಅಲ್ಲಾಡುವ ಹಿತ್ತಾಳೆಯ ನಾಲಿಗೆ, ಸ್ವರ ಹುಟ್ಟುವುದೇ ಅಲ್ಲಿ.

ರಿಪೇರಿ ಮಾಡಿಕೊಡುತ್ತೇನೆ, ಆದರೆ ನುಡಿಸಲು ಮಾತ್ರ ನನ್ನನ್ನು ಕರೆಯಬೇಡಿ ಎಂದು ಸಿಸ್ಟರಮ್ಮನಿಗೆ ಮೊದಲೇ ಹೇಳಿಬಿಟ್ಟೆ. ಮೈಸೂರಿನಲ್ಲಿ ಸ್ಕೂಲ್ ಮಿಸ್ ಆಗಿರುವ ತಮ್ಮ ತಂಗಿಯ ಮಗಳು ನೊಟೇಶನ್ ನೋಡಿ ಚೆನ್ನಾಗಿ ನುಡಿಸುತ್ತಾಳೆ, ಅವಳು ಬರುತ್ತಾಳೆ ಬಿಡು ಎಂದರು. ಅಯ್ಯನವರಿಗೂ ಕಾರ್ಯದರ್ಶಿಗೂ ಹೇಳಿಕಳಿಸಿದ್ದಾರಂತೆ, ಈಸ್ಟರ್ ಬೆಳಿಗ್ಗೆ ಯಾರು ಬೇಕಾದರೂ ಬಂದು ಕೂರಬಹುದು, ನಡೆಸಿಕೊಡುವುದಕ್ಕೆ ಮಾತ್ರ ಯಾರೂ ಬರಬೇಕಾಗಿಲ್ಲ ಎಂದು. ಅವರಿಬ್ಬರ ಜಗಳದಲ್ಲಿ ನರಸೀಪುರದವರು ಆರು ತಿಂಗಳಿಂದ ಅಯ್ಯನವರೇ ರೊಟ್ಟಿ, ದ್ರಾಕ್ಷಾರಸ ಹಂಚಬೇಕಾದ ಪ್ರಭುಭೋಜನ ಕಂಡಿರಲಿಲ್ಲ.

ಹನ್ನೊಂದು ರೀಡು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಂಜನಗೂಡಿನ ಪೆಟ್ಟಿಗೆಯಲ್ಲಿ ಎರಡನೇ ಸಾಲನ್ನು ಬಳಸುತ್ತಿದ್ದದ್ದೇ ಅಪರೂಪ, ಅಲ್ಲಿಂದ ಬಿಚ್ಚಿ ತಂದರೆ ಇಲ್ಲಿ ಕಣ್ಣುಮುಚ್ಚಿ ಕೂರಿಸಬಹುದು. ಆದರೆ ಬಾಗಿಲಿಗೆ ಎರಡು ಬೀಗ. ಮರ್ಯಾದೆ ಬಿಟ್ಟು ಎರಡೂ ಮನೆಗೆ ಹೋದೆ. ಅಯ್ಯನವರ ಮನೆಯಲ್ಲಿ ಅಮ್ಮನವರು ಕಾಫಿ ಕೊಟ್ಟರು, ಅಯ್ಯನವರು ಒಂದು ಕಾಗದ ಕೊಟ್ಟರು. ಬಿಷಪ್ಪರಿಗೆ ಕಳಿಸುವ ಅರ್ಜಿ, ಮೊದಲಿಂದಲೂ ನಾವು ಸಭಾಪಾಲಕರ ಜೊತೆಗಿದ್ದೇವೆ ಎಂದು ಬರೆದಿತ್ತು. ಸಹಿ ಮಾಡಿದರೆ ಬೀಗದ ಕೈ. ಕೇಳಲು ಹೋದವನಾದ್ದರಿಂದ ನನ್ನ ಭಾಷಣ ಗಂಟಲಲ್ಲೇ ಉಳಿಯಿತು. ಕಾರ್ಯದರ್ಶಿಯ ಮನೆಯಲ್ಲಿ ಕಾಫಿ ಇಲ್ಲ, ಕಾಗದ ಮಾತ್ರ ಇತ್ತು. ಅದರಲ್ಲಿ ಸಭಾಪಾಲಕರು ಪೀಠದಿಂದ ನನ್ನನ್ನು ಅವಮಾನಿಸಿದ್ದಕ್ಕೆ ನಾನೇ ಸಾಕ್ಷಿ ಎಂದಿತ್ತು. ನನ್ನ ಅವಮಾನವನ್ನು ನನಗಿಂತ ಅಚ್ಚುಕಟ್ಟಾಗಿ ಅವರು ಟೈಪ್ ಮಾಡಿಸಿದ್ದರು.

ಎರಡಕ್ಕೂ ಸಹಿ ಹಾಕದೆ ಹೊರಬಂದೆ. ಸಿಟ್ಟಿನಲ್ಲಿ ನೇರ ಚರ್ಚಿನ ಹತ್ತಿರ ಹೋಗಿ ಬಾಗಿಲ ಮುಂದೆ ನಿಂತು ಬೀಗಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡೂ ಅಗ್ಗದವು. ನನ್ನ ಅಂಗಡಿಯಲ್ಲಿರುವ ಗರಗಸಕ್ಕೆ ಹತ್ತು ನಿಮಿಷದ ಕೆಲಸವಿಲ್ಲ. ಕಡೆಗೆ ಬೀಗ ಬಿಟ್ಟೆ. ಕಳ್ಳನ ಹಾಗೆ ನುಗ್ಗಿ ತಂದ ರೀಡಿನಿಂದ ಈಸ್ಟರ್ ಹಾಡು ಹಾಡಿಸಲಾರೆ, ಒಬ್ಬರ ಮೇಲೆ ಬರೆದುಕೊಟ್ಟು ತಂದ ರೀಡಿನಿಂದಲೂ ಹಾಡಿಸಲಾರೆ ಎನಿಸಿತು. ಎಂಟು ತಿಂಗಳಲ್ಲಿ ಮೊದಲ ಸಲ ಮನಸ್ಸಿಗೆ ಒಂದು ಸಂಗತಿ ನಿಚ್ಚಳವಾಯಿತು, ನಾನು ಇಬ್ಬರ ಕಡೆಯವನೂ ಅಲ್ಲ. ಹಾಗಾದರೆ ರೀಡನ್ನು ಇವರಿಬ್ಬರೂ ಇಲ್ಲದ ಕಡೆ ಹುಡುಕಬೇಕು. ದೇವನೂರಿನ ಬಸ್ಸು ಹತ್ತಿದೆ.

ದೇವನೂರಿನ ಹಾರ್ಮೋನಿಯಂ ಮೇಷ್ಟ್ರು ನನ್ನ ಹಳೆಯ ಗಿರಾಕಿ. ಹಣೆಗೆ ವಿಭೂತಿ, ಹೆಗಲಿಗೆ ಟವೆಲು, ಗದ್ದೆ ಕೆಲಸ ಮುಗಿದರೆ ಊರೂರು ತಿರುಗಿ ಪೌರಾಣಿಕ ನಾಟಕ ಕಲಿಸುವವರು. ನಾನು ಬಂದ ಕಾರಣ ಹೇಳುವ ಮೊದಲೇ ಅವರಿಗೆ ಸುದ್ದಿ ತಲುಪಿತ್ತು.

"ನಿಮ್ಮ ದ್ಯಾವ್ರ ಮನೇಲೂ ಪಾರ್ಟಿ ಆಗವಂತಲ್ಲೋ," ಅಂದರು.

ಆಗಿದೆ ಎಂದೆ. ಮುಂದೆ ಮಾತಾಡಲು ನನಗೆ ನಾಚಿಕೆಯಾಯಿತು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು ಜಗಲಿಯ ಮೇಲೆ ಕೂತರು.

"ನಮ್ಮ ಮಠದಲ್ಲೂ ಆಗಿತ್ತು ಕಣ್ಲಾ. ಆ ಸ್ವಾಮಿಗೋಳ್ ಕಡೆ ಒಂದು, ಟ್ರಸ್ಟ್ನೋರ್ ಕಡೆ ಒಂದು. ನಂಗೂ ಬೇಜಾರಾಗಿ ಭಜನೆಗೇ ಓಗದೆ ಮೂರ್ ವರ್ಷ ಮನೇಲಿ ಕೂತಿದ್ದೆ. ಅವ್ರಿಗೇನಾಯ್ತು? ಏನೂ ಆಗ್ನಿಲ್ಲ. ನನ್ನ ಗಂಟ್ಲು ಓಯ್ತು."

ಎದ್ದು ಒಳಗೆ ಹೋಗಿ ಅಟ್ಟದಿಂದ ಒಂದು ಹಳೆಯ ಹಾರ್ಮೋನಿಯಂ ಇಳಿಸಿ ತಂದರು. ಅವರ ಗುರುಗಳದು. ಮರ ಗೆದ್ದಲು ಹಿಡಿದಿತ್ತು, ರೀಡುಗಳು ಮಾತ್ರ ಚಿನ್ನದ ಹಾಗೆ ಇದ್ದವು. ಅಷ್ಟನ್ನೂ ತಗೊಂಡು ಹೋಗು ಎಂದರು. ಗುರುಗಳ ವಸ್ತು ಎಂದು ನಾನು ಹಿಂದೆ ಮುಂದೆ ನೋಡಿದೆ.

"ಅಟ್ಟದ್ಮೇಲಿದ್ರೆ ಗುರುಗೋಳ್ಗೆ ಏನ್ ಸುಖ? ಒಂದ್ ಮಾತು ನೆಪ್ಪಿಟ್ಕೊ, ಇವು ಯುದ್ಧದ್ ಸೀನ್‌ಗೇ ಬಾರ್ಸಿ ಬಾರ್ಸಿ ಪಳಗಿರೋವು. ನಿಮ್ ದ್ಯಾವ್ರ ಮುಂದೆ ಕೂರ್ಸೋಕ್ ಮುಂಚೆ ವಸಿ ಸಮಾಧಾನ ಏಳು," ಎಂದು ನಕ್ಕರು. ಅವರ ಜೊತೆ ನಾನೂ ನಕ್ಕೆ. ಬಸ್ಸಿನಲ್ಲಿ ಆ ಗೆದ್ದಲು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ನನಗೆ ಹಾಡಬೇಕು ಎನ್ನಿಸುವಷ್ಟು ಸಂತೋಷವಾಗಿತ್ತು.

ಅಲ್ಲಿಂದ ಮುಂದಿನ ದಿನಗಳು ಓಡಿದ್ದೇ ಗೊತ್ತಾಗಲಿಲ್ಲ. ಅಂಗಡಿಯ ಬಾಗಿಲೆಳೆದು ದಿನಾ ಏಳರ ಬಸ್ಸಿಗೆ ನರಸೀಪುರಕ್ಕೆ ಹೋಗುವುದು, ಸಂಜೆ ಐದಕ್ಕೆ ವಾಪಸು. ಚರ್ಚಿನ ನೆಲದ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿದ ಮನೆಗಳನ್ನೆಲ್ಲ ನಂಬರು ಹಾಕಿ ಸಾಲಾಗಿ ಜೋಡಿಸಿದೆ. ಕಿಲುಬು ಹಿಡಿದ ರೀಡುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಬಿಸಿಲಿಗಿಟ್ಟೆ. ಹುಣಸೆಮರ ಬಾಗಿಲಲ್ಲೇ ಇದ್ದದ್ದು ಅನುಕೂಲವಾಯಿತು.

ತಿದಿಗೆ ಆಟೋ ಸೀಟು ಹೊಲಿಯುವವನ ಹತ್ತಿರ ರೆಕ್ಸಿನ್ ತಂದು ಅಂಟಿಸಿದೆ. ಅಂಟು ಒಣಗಿಸಲು ಎರಡು ದಿನ. ತುಳಿದು ನೋಡಿದರೆ ಗಾಳಿ ನಿಲ್ಲದು. ಪಕ್ಕದ ಮನೆಯವರಿಂದ ಊದುಬತ್ತಿ ಇಸಿದುಕೊಂಡು, ಹಚ್ಚಿ, ಅಂಚಿನ ಉದ್ದಕ್ಕೂ ಹಿಡಿದುಕೊಂಡು ಹೋದೆ. ಮಡಿಕೆ ಇದ್ದ ಕಡೆಯೆಲ್ಲ ಹೊಗೆ ಅತ್ತಿತ್ತ ಓಲಾಡಿತು, ಅಂದರೆ ಅಲ್ಲೆಲ್ಲ ಸೋರಿಕೆ. ರೆಕ್ಸಿನ್ ದಪ್ಪವಾಯಿತು, ಮಡಿಚಿದಾಗ ಅಂಟು ಬಿಡುತ್ತಿದೆ. ಎರಡು ದಿನದ ಕೆಲಸವನ್ನು ಸರ್ರನೆ ಕಿತ್ತು ಎಸೆದೆ. ಚರ್ಚಿನಲ್ಲಿ ಊದುಬತ್ತಿ ಹಚ್ಚಿದ ಮೊದಲ ಕ್ರೈಸ್ತ ನಾನೇ ಇರಬೇಕೆಂದು ಸಿಸ್ಟರಮ್ಮ ರೇಗಿಸಿದರು. ಮೈಸೂರಿಗೆ ಹೋಗಿ ತೆಳುವಾದ ಮೇಣಬಟ್ಟೆ ತಂದು, ಮೂಲೆಗಳಿಗೆ ಮೆತ್ತನೆಯ ಕುರಿಚರ್ಮ ಕೊಟ್ಟು ಮತ್ತೆ ಅಂಟಿಸಿದೆ. ಈ ಸಲ ಹೊಗೆ ನೆಟ್ಟಗೆ ನಿಂತಿತು. ಹರಿದ ಬಲಪಟ್ಟಿಗೆ ಸಿಸ್ಟರಮ್ಮ ತಮ್ಮ ಮಂಚಕ್ಕೆ ಹೆಣೆದಿದ್ದ ನವಾರು ಪಟ್ಟಿಯನ್ನೇ ಒಂದು ಗೇಣು ಕತ್ತರಿಸಿ ಕೊಟ್ಟರು.

ಮೇಷ್ಟ್ರ ರೀಡುಗಳು ನಮ್ಮ ಪೆಟ್ಟಿಗೆಗೆ ಒಂದಿಷ್ಟು ಗಿಡ್ಡ. ಚೌಕಟ್ಟಿನ ತುದಿಗೆ ತೇಗದ ಚಕ್ಕೆ ಕೊಟ್ಟು, ಅಡಿಗೆ ಚರ್ಮ ಹಾಸಿ ಕೂರಿಸಿದೆ. ಸ್ವರ ಏರಿಸಬೇಕಾದರೆ ನಾಲಿಗೆಯ ತುದಿಯನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆಯಬೇಕು, ಇಳಿಸಬೇಕಾದರೆ ಬುಡವನ್ನು. ನಾಲ್ಕು ರೀಡುಗಳನ್ನು ತೀರಾ ಕೆಳಗೆ ತರಬೇಕಿತ್ತು, ಅವುಗಳ ತುದಿಗೆ ಸಾಸಿವೆ ಕಾಳಿನಷ್ಟು ಬೆಸುಗೆ ತವರ ಬಿಟ್ಟು ಭಾರಮಾಡಿದೆ. ಒಂದು ಕೆರೆತ ಜಾಸ್ತಿಯಾದರೆ ನಾಲಿಗೆ ಮುರಿದೇಹೋಗುತ್ತದೆ. ಕೆರೆಯುವಾಗ ಉಸಿರು ಬಿಗಿಹಿಡಿದಿರುತ್ತಿದ್ದೆ. ಷಡ್ಜ ಗಟ್ಟಿಮಾಡಿಕೊಂಡು ಅದಕ್ಕೆ ಪಂಚಮ, ಮಧ್ಯಮ, ಗಾಂಧಾರ ಎಂದು ಒಂದೊಂದನ್ನೇ ಕಿವಿಯಲ್ಲೇ ಕೂಡಿಸುತ್ತಾ ಬಂದೆ. ಈ ಕೆಲಸದ ನಡುವೆ ಒಂದು ದಿನ ನನ್ನ ಬಾಯಲ್ಲಿ ಹಳೆಯ ಕೀರ್ತನೆಯೊಂದು ತಾನಾಗಿ ಗುನುಗಿಕೊಳ್ಳುತ್ತಿರುವುದು ಅರಿವಿಗೆ ಬಂದು ಗಪ್ಪನೆ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಶುರುವಾಗಿತ್ತು. ಇರಲಿ ಬಿಡು ಎಂದುಕೊಂಡೆ.

ಹದಿನೈದನೇ ದಿನ ಎಲ್ಲ ಜೋಡಿಸಿ, ಸ್ಟೂಲಿನ ಬದಲು ಒಂದು ಡಬ್ಬದ ಮೇಲೆ ಕೂತು, ಎರಡೂ ಕಾಲಿಟ್ಟು ತುಳಿದು ಷಡ್ಜ ಒತ್ತಿದೆ. ಪೆಟ್ಟಿಗೆ ಕೂಗಿತು. ಎಂಥ ತುಂಬಿದ ಸ್ವರ! ಕಿಟಕಿಯ ಗಾಜು ಅದುರಿತು. ನೆರೆಮನೆಯ ಹೆಂಗಸರು ಕೈಯೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಸಿಸ್ಟರಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಾಡಿ ನೋಡುವವರ ಹಾಗೆ ನಿಂತಿದ್ದರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು, ಇಬ್ಬರೂ ಧೂಳಿನ ಮೇಲೆ ಹಾಕಿದೆವು.

ಗುಡ್ ಫ್ರೈಡೇ ದಿನವೂ ಹೋಗಿದ್ದೆ, ಸಣ್ಣಪುಟ್ಟ ಕೆಲಸ ಉಳಿದಿತ್ತು. ಸಿಸ್ಟರಮ್ಮ ನನ್ನ ಸಾಮಾನಿನ ಚೀಲ ಕಿತ್ತುಕೊಂಡು, ಕರ್ತನನ್ನು ಶಿಲುಬೆಗೆ ಜಡಿದ ದಿನ, ಇವತ್ತು ಮೊಳೆ, ಸುತ್ತಿಗೆ ಮುಟ್ಟಬೇಡ ಎಂದರು. ಹೊರಗೆ ಬಿಸಿಲು ಜಾಸ್ತಿ ಎಂಬ ನೆಪ ಮಾಡಿಕೊಂಡು ಕೊನೆಯ ಬೆಂಚಿನಲ್ಲಿ ಕೂತೆ. ಎಂಟು ತಿಂಗಳ ಮೇಲೆ ಆರಾಧನೆಯಲ್ಲಿ ಕೂತದ್ದು ಅವತ್ತೇ.

ಶನಿವಾರ ಬೆಳಿಗ್ಗೆ ಮೈಸೂರಿನ ಮಿಸ್ ಬಂದಳು. ನೊಟೇಶನ್ ಪುಸ್ತಕ ತೆರೆದಿಟ್ಟು, ಸೆರಗು ಸಿಕ್ಕಿಸಿ, ಈಸ್ಟರಿಗೆ ಆರಿಸಿದ್ದ ಇಂಗ್ಲಿಷ್ ರಾಗದ ಹಾಡನ್ನು ನಾಲ್ಕು ಸ್ವರ ಕೂಡಿಸಿ ನುಡಿಸಿದಳು. ಮೊದಲ ಸಾಲಿಗೇ ಎಡವಟ್ಟು ಗೊತ್ತಾಯಿತು. ಒಂದೊಂದಾಗಿ ಒತ್ತಿದರೆ ಜೇನಿನಂತಿದ್ದ ಸ್ವರಗಳು ಕೂಡಿಸಿ ಒತ್ತಿದಾಗ ಒಂದನ್ನೊಂದು ಕಚ್ಚಾಡುತ್ತಿದ್ದವು. ಪಾಪ, ಆ ಮಿಸ್ ತನ್ನದೇ ತಪ್ಪೆಂದು ಮತ್ತೆ ಮತ್ತೆ ನುಡಿಸಿದಳು. ತಪ್ಪು ನನ್ನದು, ಅದೂ ಎಂಥ ತಪ್ಪು. ನಾಟಕದವರಿಗೆ, ಭಜನೆಯವರಿಗೆ ಒಂದೇ ಷಡ್ಜ, ಒಂದೇ ಎಳೆಯ ರಾಗ. ಆ ಷಡ್ಜಕ್ಕೆ ಎಲ್ಲವೂ ಶುದ್ಧವಾಗಿ ಕೂತರೆ ಸಾಕು. ಇಂಗ್ಲಿಷ್ ರಾಗಕ್ಕೆ ಹಾಗೆ ನಡೆಯದು. ಹಾಡಿಂದ ಹಾಡಿಗೆ ಷಡ್ಜ ಜಾಗ ಬದಲಿಸುತ್ತದೆ, ನಾಲ್ಕು ಸ್ವರ ಒಟ್ಟಿಗೆ ಬಾಳಬೇಕು. ಅದಕ್ಕೆ ಶ್ರುತಿ ಮಾಡುವಾಗ ಪ್ರತಿಯೊಂದು ಸ್ವರವೂ ತನ್ನ ಶುದ್ಧದಿಂದ ಚೂರು ಚೂರು ಬಿಟ್ಟುಕೊಡುವ ಹಾಗೆ ಮಾಡಬೇಕು. ಯಾವುದೂ ಪೂರ್ತಿ ಸರಿಯಿರುವುದಿಲ್ಲ, ಆದ್ದರಿಂದಲೇ ಎಲ್ಲವೂ ಕೂಡುತ್ತವೆ. ಹದಿನೇಳು ವರ್ಷ ನಂಜನಗೂಡಿನ ಪೆಟ್ಟಿಗೆಯನ್ನು ಹಾಗೆಯೇ ಶ್ರುತಿ ಮಾಡಿದವನು ನಾನು. ಎಂಟು ತಿಂಗಳು ಬರೀ ನಾಟಕದ ಹಾರ್ಮೋನಿಯಂ ಕೆರೆದು ಕೆರೆದು ನನ್ನ ಕಿವಿ ಅದನ್ನು ಮರೆತಿತ್ತು. ದೇವನೂರಿನ ಮೇಷ್ಟ್ರು ಗಂಟಲು ಕಳೆದುಕೊಂಡ ಹಾಗೆ ನಾನು ಕಿವಿ ಕಳೆದುಕೊಂಡಿದ್ದೆ. ನನಗೆ ಮಾಡಿದ ಅನ್ಯಾಯವೇನೋ ಅವರದು, ಈ ನಷ್ಟ ಮಾತ್ರ ನಾನೇ ಮಾಡಿಕೊಂಡದ್ದು.

ಎರಡು ಸಾಲಿನ ಅಷ್ಟೂ ರೀಡುಗಳನ್ನು ಮತ್ತೆ ಕೆರೆಯಲು ವಾರ ಬೇಕು. ನಾಳೆ ಬೆಳಗಾದರೆ ಈಸ್ಟರ್. ಪೆಟ್ಟಿಗೆಯ ಮುಂದೆ ತಲೆ ಹಿಡಿದು ಕೂತೆ. ಸಿಸ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಇದು ಈಗ ಹೇಗದೆಯೋ ಹಂಗೇ ಏನು ಹಾಡಬಹುದು, ಅದನ್ನ ಹೇಳು."

ಈಗ ಹೇಗಿದೆಯೋ ಹಾಗೆ ಎಂದರೆ ಕೀರ್ತನೆ ಹಾಡಬಹುದು. ನಮ್ಮ ಅಜ್ಜಿಯರು ಒಂದೇ ಷಡ್ಜಕ್ಕೆ, ಒಂದೇ ಎಳೆಯಲ್ಲಿ, ತಾಳ ಹಾಕಿಕೊಂಡು ಹಾಡುತ್ತಿದ್ದ ಕೀರ್ತನೆ. ನಾನು ಕಾಲಿಟ್ಟು ತುಳಿದು, ಒಂದೇ ಕೈಯಲ್ಲಿ, ದಿನಾ ಗುನುಗುತ್ತಿದ್ದ ಆ ಕೀರ್ತನೆಯ ಪಲ್ಲವಿ ನುಡಿಸಿದೆ. ಮೇಷ್ಟ್ರ ರೀಡುಗಳು ತಮಗೆ ಬೇಕಾದ್ದು ಸಿಕ್ಕಿತೆಂಬಂತೆ ಹಾಡಿದವು. ಸಿಸ್ಟರಮ್ಮ ನಿಂತಲ್ಲೇ ದನಿಗೂಡಿಸಿದರು. ಮಿಸ್ ಪುಸ್ತಕ ಮಡಿಚಿಟ್ಟು, ಅಂಕಲ್ ಇದಕ್ಕೆ ನೊಟೇಶನ್ ಇಲ್ಲ, ನನಗೆ ನುಡಿಸಲು ಬರುವುದಿಲ್ಲ ಎಂದಳು. ಸಿಸ್ಟರಮ್ಮ ನನ್ನನ್ನು ನೋಡಿದರು. ನಾನು ಹಾಕಿದ್ದ ಷರತ್ತು ಇಬ್ಬರಿಗೂ ನೆನಪಿತ್ತು. ನಾನು ಪಲ್ಲವಿಯನ್ನು ಮತ್ತೆ ಮೊದಲಿಂದ ಎತ್ತಿಕೊಂಡೆ.

ಆ ದಿನ ನಾನು ಅಲ್ಲೇ ಉಳಿದೆ. ನನ್ನ ಹೆಂಡತಿ, ಮಗಳೂ ಬಂದು ಸಿಸ್ಟರಮ್ಮನ ಮನೆಯಲ್ಲಿ ತಂಗಿದರು. ಬೆಳಿಗ್ಗೆ ಐದೂವರೆಗೆ ಮೂಡಲು ಕೆಂಪಾಗುವ ಹೊತ್ತಿಗೆ ಚರ್ಚಿನ ಮುಂದೆ ಚಪ್ಪಲಿಗಳ ರಾಶಿ ಬೀಳತೊಡಗಿತು. ನಂಜನಗೂಡಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದಾರೆ ಎಂದು ಹೆಂಡತಿ ಓಡಿಬಂದು ಹೇಳಿದಳು. ಅಯ್ಯನವರ ಕಡೆಯವರ ಟೆಂಪೋ ಬೇರೆ, ಕಾರ್ಯದರ್ಶಿಯ ಕಡೆಯವರ ಟೆಂಪೋ ಬೇರೆ. ಅಂತೂ ಬಂದರು. ಅರವತ್ತು ಜನ ಹಿಡಿಸುವ ಜಾಗದಲ್ಲಿ ನೂರರ ಮೇಲೆ ತುಂಬಿದರು, ಗೋಡೆಯ ಉದ್ದಕ್ಕೂ ನಿಂತರು. ನನಗೆ ಇದೆಲ್ಲ ಕಿವಿಯಿಂದಲೇ ಗೊತ್ತಾಗುತ್ತಿತ್ತು, ಈ ಪೆಟ್ಟಿಗೆಗೆ ಕನ್ನಡಿ ಇರಲಿಲ್ಲ, ತಿರುಗಿ ನೋಡಲು ನನಗೆ ಧೈರ್ಯವಿರಲಿಲ್ಲ. ಸಿಸ್ಟರಮ್ಮ ಕರ್ತನು ಎದ್ದಿದ್ದಾನೆ ಎಂದರು. ನಿಜವಾಗಿ ಎದ್ದಿದ್ದಾನೆ ಎಂದು ಇಡೀ ಸಭೆ ಒಂದೇ ಬಾಯಿಯಲ್ಲಿ ಹೇಳಿತು. ನಾನು ಶ್ರುತಿ ಹಿಡಿದೆ.

ಮೊದಲ ಚರಣ ಎದ್ದಿತು ನೋಡಿ, ನನ್ನ ಅಳುಕೆಲ್ಲ ಹಾರಿಹೋಯಿತು. ಎಲ್ಲರಿಗೂ ಬಾಯಿಪಾಠವಾದ ಕೀರ್ತನೆ, ಪುಸ್ತಕ ಹುಡುಕುವ ಕೆಲಸವಿಲ್ಲ. ಮುದುಕಿಯರು ಚಪ್ಪಾಳೆಯ ತಾಳಕ್ಕೆ ಇಳಿದರು. ಗುಂಪಿನಲ್ಲಿ ಎಲ್ಲೋ ಕಾರ್ಯದರ್ಶಿಯ ಗಡಸು ದನಿ, ಅದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಎರಡನೇ ಚರಣ. ಮೂರನೆಯದು ಅರ್ಧವಾಗಿದೆ, ಎಡಗಾಲಿನ ಕೆಳಗೆ ಟಪ್ಪೆಂದಿತು. ಪೆಡಲು ನೆಲಕ್ಕೆ ಬಿತ್ತು. ಶಹಭಾಸ್ ಎಂದು ನಾನು ಹಾಗೇ ಬಿಟ್ಟಿದ್ದ ಆ ಹಳೆಯ ಚರ್ಮದ ಪಟ್ಟಿ ಕಿತ್ತುಹೋಗಿತ್ತು. ಬಲಗಾಲೊಂದರಲ್ಲೇ ದಡದಡ ತುಳಿದೆ, ಗಾಳಿ ಸಾಲದು, ಸ್ವರ ಕುಸಿಯುತ್ತಿದೆ, ಇನ್ನು ಎರಡು ಸಾಲಿನಲ್ಲಿ ಪೆಟ್ಟಿಗೆ ಬಾಯಿ ಮುಚ್ಚುತ್ತದೆ. ಯಾರಾದರೂ ಮೊಣಕಾಲೂರಿ ಕೆಳಗೆ ಕೈಹಾಕಿ ಎಡಗಡೆ ತಿದಿಯ ಹಲಗೆಯನ್ನು ಎಳೆದು ಬಿಡುತ್ತಿದ್ದರೆ ಮಾತ್ರ ಉಳಿಯುತ್ತದೆ. ಕೀಲಿಮನೆಯಿಂದ ಕಣ್ಣೆತ್ತಲೂ ಆಗದೆ ಪಕ್ಕಕ್ಕೆ ಕೂಗಿಕೊಂಡೆ.

"ಯಾರ್ಲಾ ಅಲ್ಲಿ, ಬಂದು ಈ ಹಲಗೆ ಹಿಡಿದು ಎಳಿ."

ಯಾರೋ ಬಂದು ಕೂತರು. ಬಿಳಿ ಷರ್ಟು ತೊಟ್ಟ ಎರಡು ಕೈ ನನ್ನ ಕಾಲಿನ ಸಂದಿಯಲ್ಲಿ ಒಳಗೆ ಹೋದದ್ದು ಓರೆಗಣ್ಣಿಗೆ ಕಂಡಿತು. ಎಳೆದರು, ಬಿಟ್ಟರು, ತಡವರಿಸಿದರು. ಸ್ವರ ಏರಿತು, ಮತ್ತೆ ಇಳಿಯಿತು.

"ತಾಳ ಬಿಡಬೇಡ ಕಣ್ಲಾ, ಜೋರಾಗಿ ಎಳಿ," ಎಂದು ಗದರಿದೆ.

ಆ ಕೈಗಳು ತಾಳಕ್ಕೆ ಬಂದವು. ನಾನು ಬಲಗಾಲು ತುಳಿದಾಗ ಅವು ಬಿಡುವುದು, ನಾನು ಬಿಟ್ಟಾಗ ಅವು ಎಳೆಯುವುದು. ಗಾಳಿ ತುಂಬಿ ಬಂತು, ಮೊದಲಿಗಿಂತ ಜೋರಾಗಿ. ನಾಲ್ಕನೇ ಚರಣ, ಐದನೇ ಚರಣ, ಪಲ್ಲವಿ ಮೂರು ಸಲ. ಅವತ್ತಿನ ಹಾಡು ಊರಂಚಿನ ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು. ಸಂತೋಷದಲ್ಲಿ ನನಗೆ ನಗು ಬರುತ್ತಿತ್ತು. ಆಮೆನ್ ಮುಗಿಸಿ, ಬೆವರು ಒರೆಸಿಕೊಂಡು, ಆ ಪುಣ್ಯಾತ್ಮ ಯಾರೆಂದು ಕೆಳಗೆ ನೋಡಿದೆ.

ಅಯ್ಯನವರು. ನಿಲುವಂಗಿಯಿಲ್ಲ, ಬರೀ ಬಿಳಿ ಷರ್ಟು. ನನ್ನ ಕಾಲ ಬಳಿ ಮಂಡಿಯೂರಿ ಕೂತಿದ್ದರು. ತಲೆಗೂದಲಿಗೆ ಜೇಡರ ಬಲೆ ಅಂಟಿತ್ತು, ಮುಂಗೈ ಕೆರೆದು ರಕ್ತ ಕಂಡಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೊತ್ತಿಕೊಂಡದ್ದು ಆಗ ಕಾಣಿಸಿತು. ನಾನು ಅವರನ್ನು 'ಲಾ' ಎಂದು ಗದರಿದ್ದನ್ನು ಅಷ್ಟು ಜನವೂ ಕೇಳಿಸಿಕೊಂಡಿದ್ದರು.

ಇಲ್ಲಿಗೆ ಜಗಳ ಮುಗಿಯಿತೆಂದು ಯಾರೂ ತಿಳಿಯಬೇಡಿ. ನಂಜನಗೂಡಿನ ಎರಡು ಬೀಗ ತೆಗೆಯಲು ಮುಂದಿನ ಕ್ರಿಸ್‌ಮಸ್ ಬರಬೇಕಾಯಿತು, ಬಿಷಪ್ಪರು ಎರಡು ಸಲ ಬಂದು ಹೋಗಬೇಕಾಯಿತು. ಕಾರ್ಯದರ್ಶಿಯವರು ಅವತ್ತು ಹುಣಸೆಮರದ ಕೆಳಗೆ, ಕೀರ್ತನೆಯೇ ಸರಿ ಅಂತ ನಾನು ಯಾವತ್ತೋ ಹೇಳಿದ್ದೆ, ಅಯ್ಯನವರು ಕೇಳಲಿಲ್ಲ ಎಂದು ಅದಕ್ಕೂ ಒಂದು ಪಾರ್ಟಿ ಕಟ್ಟಿದರು. ಅಯ್ಯನವರು ನನ್ನಲ್ಲಿ ಕ್ಷಮೆ ಕೇಳಲಿಲ್ಲ, 'ಲಾ' ಎಂದದ್ದಕ್ಕೆ ನಾನೂ ಕೇಳಲಿಲ್ಲ. ನರಸೀಪುರದ ಪೆಟ್ಟಿಗೆಯನ್ನು ಆಮೇಲೆ ಒಂದು ತಿಂಗಳು ಕೂತು ಸರಿಯಾಗಿ ಶ್ರುತಿ ಮಾಡಿದೆ. ಎಡಪಟ್ಟಿಗೂ ನವಾರು ಹಾಕಿದೆ. ಇವತ್ತಿಗೂ ಅದನ್ನು ನುಡಿಸುವವನು ನಾನೇ.

ಆದರೆ ಆ ಬೆಳಿಗ್ಗೆ, ಅವರನ್ನು ಕಂಡ ಆ ಕ್ಷಣದಲ್ಲಿ, ಎಂಟು ತಿಂಗಳು ತಿದ್ದಿ ತಿದ್ದಿ ಇಟ್ಟಿದ್ದ ನನ್ನ ಭಾಷಣವನ್ನು ಹುಡುಕಿದೆ. ಒಂದು ಪದವೂ ಸಿಗಲಿಲ್ಲ. ಅಯ್ಯನವರು ಹಲಗೆಯಿಂದ ಕೈ ತೆಗೆಯದೆಯೇ ತಲೆಯೆತ್ತಿ ನೋಡಿದರು. ಅವರಿಗೆ ಏದುಸಿರು ಬರುತ್ತಿತ್ತು.

"ಇನ್ನೂ ಹಾಡು ಇದೆಯಾ?" ಎಂದರು.

"ಎರಡಿದೆ, ಅಯ್ಯನವರೇ."

"ಹಾಗಾದರೆ ನಾನು ಇಲ್ಲೇ ಇರ್ತೀನಿ."

ನಾನು ಬಲಗಾಲನ್ನು ಪೆಡಲಿನ ಮೇಲಿಟ್ಟೆ.